ಪಥಿಕನ ಎರಡು ರಕಅತ್

ಕಾಪು, ಉಡುಪಿ, ಮಣಿಪಾಲ, ಕಾರ್ಕಳ ಈ ನಾಲ್ಕು ಊರುಗಳನ್ನು ಒಂದೇ ಹಗಲಿನಲ್ಲಿ ಸುತ್ತಿ ಬರುವುದು ಈಗಿನ ಕಾಲದಲ್ಲಿ ಪ್ರಯಾಣವೆನಿಸಲಾರದು. ನಮ್ಮ ಅಜ್ಜಂದಿರು ಕಾಪುವಿನಿಂದ ಕಾರ್ಕಳಕ್ಕೆ ಹೊರಡುವಾಗ ಬುತ್ತಿ ಕಟ್ಟಿಕೊಂಡು, ದೇವರಿಗೆ ಕೈಮುಗಿದು ಹೊರಡುತ್ತಿದ್ದರಂತೆ. ನಾವು ಕೈಚೀಲವೊಂದನ್ನು ಹಿಡಿದು ಹೊರಡುತ್ತೇವೆ, ರಾತ್ರಿಯ ಊಟಕ್ಕೆ ಮನೆಗೆ ಮರಳುತ್ತೇವೆ. ಆದರೂ ಕಳೆದ ಮಾರ್ಗಶಿರ ಮಾಸದಲ್ಲಿ ನಾನು ಮಾಡಿದ ಇಂತಹದೊಂದು ಸುತ್ತಾಟವು, ಪ್ರಯಾಣವೆಂದರೇನು, ಪಥಿಕನೆಂದು ಯಾರನ್ನು ಕರೆಯತಕ್ಕದ್ದು ಎಂಬ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಎಬ್ಬಿಸಿ ಬಿಟ್ಟಿತು. ಆ ದಿನ ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡುವೆನು.

ನನ್ನ ಹಳೆಯ ಶಿಷ್ಯನೊಬ್ಬನು ಕಾಪುವಿನವನು, ಬ್ಯಾರಿ ಮನೆತನಕ್ಕೆ ಸೇರಿದವನು. ಶಾಲೆಯಲ್ಲಿ ರಾಮಶಬ್ದದ ರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಆ ಹುಡುಗನು ಈಗ ಅಕ್ಕಿ, ತೆಂಗಿನಕಾಯಿ, ತರಕಾರಿಗಳನ್ನು ಊರೂರಿಗೆ ಮುಟ್ಟಿಸುವ ಸರಕಿನ ಗಾಡಿಯೊಂದರ ಒಡೆಯನಾಗಿದ್ದಾನೆ. ನಾನು ಉದ್ಯೋಗದ ಮೊದಲ ವರ್ಷಗಳನ್ನು ಕಳೆದ ಕಾರ್ಕಳವನ್ನು ಮತ್ತೊಮ್ಮೆ ನೋಡಬೇಕೆಂದು ಹೇಳಿಕೊಂಡಾಗ, "ಮಾಸ್ಟ್ರೇ, ನನ್ನ ಗಾಡಿಯಲ್ಲೇ ಬನ್ನಿ. ಉಡುಪಿ, ಮಣಿಪಾಲದಲ್ಲಿ ಸಾಮಾನು ಇಳಿಸಿ ಸಂಜೆಗೆ ಕಾರ್ಕಳ. ರಾತ್ರಿ ಬೆಳ್ಮಣ್ ದಾರಿಯಾಗಿ ಕಾಪುವಿಗೆ ತಂದು ಬಿಡುತ್ತೇನೆ" ಎಂದು ಆಗ್ರಹಪಡಿಸಿದನು.

ನಾವು ಹೊರಡುವಾಗ ಕಾಪುವಿನ ಕಡಲು ಇನ್ನೂ ಬೂದುಬಣ್ಣದಲ್ಲಿತ್ತು. 1901ರಲ್ಲಿ ಕಟ್ಟಿದ ದೀಪಸ್ತಂಭವು ಬಂಡೆಯ ಮೇಲೆ ಮೌನವಾಗಿ ನಿಂತಿದ್ದಿತು. ಶಿಷ್ಯನು ಮುಂಜಾನೆಯ ಸುಬಹಿ ನಮಾಜನ್ನು ಪೂರೈಸಿಯೇ ಬಂದಿದ್ದನು. ಬ್ಯಾರಿ ಭಾಷೆಯಲ್ಲಿ ನಮಾಜಿಗೆ 'ನಿಸ್ಕಾರ' ಎನ್ನುವರೆಂದು ಅವನು ಹೇಳಿದಾಗ ನನ್ನೊಳಗಿನ ಸಂಸ್ಕೃತದ ಉಪಾಧ್ಯಾಯನು ಹಿಗ್ಗಿದನು. ಅದು ನಮ್ಮ 'ನಮಸ್ಕಾರ'ವೇ ಅಲ್ಲವೆ? ಪಾರಸಿಯ 'ನಮಾಜ್' ಶಬ್ದವಾದರೂ ಸಂಸ್ಕೃತದ 'ನಮಸ್' ಎಂಬುದರ ದಾಯಾದಿಯೇ ಆಗಿರುವುದು.

ಕಟಪಾಡಿಯನ್ನು ದಾಟುವಾಗ ನಾನು, "ದಿನವಿಡೀ ದಾರಿಯ ಮೇಲಿರುವವನು ನೀನು. ಐದು ಹೊತ್ತಿನ ನಿಸ್ಕಾರ ಹೇಗೆ ನಡೆಯುತ್ತದೆ? ಪ್ರಯಾಣಿಕರಿಗೆ ಅದನ್ನು ಮೊಟಕು ಮಾಡಿಕೊಳ್ಳಲು ಅನುಮತಿಯುಂಟೆಂದು ಕೇಳಿದ್ದೇನೆ" ಎಂದೆನು.

ಅವನು ನಕ್ಕು, "ಇವತ್ತು ನಾನು ಪ್ರಯಾಣಿಕನೇ ಅಲ್ಲ, ಮಾಸ್ಟ್ರೇ" ಎಂದನು.

ನಾನು ಲೆಕ್ಕ ಹಾಕಿದೆನು. ಕಾಪುವಿನಿಂದ ಉಡುಪಿಗೆ ಸುಮಾರು 13 ಕಿಲೋಮೀಟರು, ಅಲ್ಲಿಂದ ಮಣಿಪಾಲಕ್ಕೆ 5, ಮಣಿಪಾಲದಿಂದ ಕಾರ್ಕಳಕ್ಕೆ ಮೂವತ್ತಕ್ಕೆ ಮಿಕ್ಕಿದ್ದು, ಕಾರ್ಕಳದಿಂದ ಮರಳಿ ಕಾಪುವಿಗೆ ಸುಮಾರು 30. ಒಟ್ಟು ಎಂಬತ್ತರ ಆಸುಪಾಸು. "ಇಷ್ಟು ದೂರ ಸಾಲದೆ?" ಎಂದು ಕೇಳಿದೆನು.

"ಸುತ್ತಾಟವನ್ನು ಕೂಡಿಸುವಂತಿಲ್ಲ. ಹೊರಟ ಊರಿನಿಂದ ಹೋಗಬೇಕಾದ ಊರಿಗೆ ಒಂದು ಕಡೆಯ ದಾರಿಯೇ ಅಷ್ಟಿರಬೇಕು. ಕಾರ್ಕಳ ಅಷ್ಟು ದೂರವಿಲ್ಲ. ಹಾಸನಕ್ಕೆ ಗಾಡಿ ಹೋದ ದಿನ ನಾನು ಮುಸಾಫಿರ್" ಎಂದು ಅವನು ವಿವರಿಸಿದನು. ಪಾಠ ಹೇಳುತ್ತಿದ್ದವನು ಅಂದು ಪಾಠ ಹೇಳಿಸಿಕೊಂಡೆನು. ಅವನಿಂದ ತಿಳಿದುದನ್ನು, ಬಳಿಕ ಗ್ರಂಥಗಳಲ್ಲಿ ನೋಡಿ ಸರಿಪಡಿಸಿಕೊಂಡು, ಇಲ್ಲಿ ಸಂಗ್ರಹಿಸಿರುವೆನು.

ನಿಂತು, ಬಾಗಿ, ನೆಲಕ್ಕೆ ಹಣೆ ಮುಟ್ಟಿಸಿ ಮಾಡುವ ಒಂದು ಆವೃತ್ತಿಗೆ 'ರಕಅತ್' ಎಂದು ಹೆಸರು. ಮುಂಜಾನೆಯ ಸುಬಹಿಗೆ ಎರಡು, ಮಧ್ಯಾಹ್ನದ ಲುಹರಿಗೆ ನಾಲ್ಕು, ಅಪರಾಹ್ಣದ ಅಸರಿಗೆ ನಾಲ್ಕು, ಸೂರ್ಯಾಸ್ತದ ಮಗ್ರಿಬಿಗೆ ಮೂರು, ರಾತ್ರಿಯ ಇಶಾಕ್ಕೆ ನಾಲ್ಕು, ಹೀಗೆ ದಿನಕ್ಕೆ ಹದಿನೇಳು ರಕಅತ್‌ಗಳು ಕಡ್ಡಾಯವಾದುವು. ಪ್ರಯಾಣಿಕನಿಗೆ ನಾಲ್ಕರವು ಮೂರೂ ಎರಡೆರಡಾಗುವುವು. ಎರಡರದೂ ಮೂರರದೂ ಇದ್ದಂತೆಯೇ ಇರುವುವು. ಈ ಸಂಕ್ಷೇಪಕ್ಕೆ 'ಕಸ್ರ್' ಎಂದು ಹೆಸರು. ಹದಿನೇಳು ಹೀಗೆ ಹನ್ನೊಂದಕ್ಕೆ ಇಳಿಯುವುದು.

ಇದಕ್ಕೆ ಆಧಾರವು ಕುರಾನಿನ ನಾಲ್ಕನೆಯ ಅಧ್ಯಾಯದ 101ನೆಯ ವಾಕ್ಯ. ಅಲ್ಲಿ ಶತ್ರುಭಯದ ಪ್ರಸ್ತಾಪವಿರುವುದರಿಂದ, ಭಯವು ತೊಲಗಿದ ಮೇಲೆಯೂ ಮೊಟಕು ಮಾಡುವುದೇಕೆಂಬ ಸಂದೇಹವು ಉಮರರಿಗೆ ಉಂಟಾಯಿತಂತೆ. ಅವರು ಪ್ರವಾದಿಗಳನ್ನೇ ಕೇಳಲಾಗಿ, ಇದು ದೇವರು ನಿಮಗಿತ್ತ ದಾನ, ದಾನವನ್ನು ಸ್ವೀಕರಿಸಿರಿ ಎಂಬ ಅಭಿಪ್ರಾಯದ ಉತ್ತರ ದೊರೆಯಿತೆಂದು ಹದೀಸಿನಲ್ಲಿ ಹೇಳಿದೆ. ಇನ್ನೊಂದು ಮಾತು ಪ್ರವಾದಿಗಳ ಪತ್ನಿ ಆಯಿಷಾ ಅವರದು: ಆದಿಯಲ್ಲಿ ನಮಾಜು ಎರಡೆರಡು ರಕಅತ್‌ಗಳಾಗಿಯೇ ವಿಧಿಸಲ್ಪಟ್ಟಿತು, ಪ್ರಯಾಣದ್ದು ಹಾಗೆಯೇ ಉಳಿಯಿತು, ಊರಿನಲ್ಲಿರುವಾಗಿನದು ಬೆಳೆಯಿತು. ಈ ದೃಷ್ಟಿಯಿಂದ ನೋಡಿದರೆ ದಾರಿಯ ಪ್ರಾರ್ಥನೆಯು ಕತ್ತರಿಸಿದ ತುಂಡಲ್ಲ, ಅದೇ ಮೂಲವಾಗಿರುವುದು.

ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪಂಥದವರು. ಅರಬ್ಬೀ ಸಮುದ್ರದ ವ್ಯಾಪಾರದೊಡನೆ ಆ ಪಂಥವು ಈ ದಂಡೆಗೆ ಬಂದಿತು. ಹದಿನಾಲ್ಕನೆಯ ಶತಮಾನದಲ್ಲಿ ಈ ಹಾದಿಯಾಗಿ ಹೋದ ಇಬ್ನ್ ಬತೂತನು ಹೊನ್ನಾವರದ ಮುಸಲ್ಮಾನರು ಶಾಫಿಗಳೆಂದು ಬರೆದಿಟ್ಟಿದ್ದಾನೆ. ಘಟ್ಟದ ಮೇಲಿನ ಉರ್ದು ಮನೆಮಾತಿನವರು ಬಹುಮಟ್ಟಿಗೆ ಹನಫಿಗಳು. ಪ್ರಯಾಣದ ವಿಧಿಯಲ್ಲಿ ಇವೆರಡು ಪಂಥಗಳಿಗೂ ಭೇದವುಂಟು. ಶಾಫಿಗಳಿಗೆ ಎರಡು ದಿನದ ದಾರಿ, ಹದಿನಾರು ಫರ್ಸಖ್, ಇಂದಿನ ಎಣಿಕೆಯಲ್ಲಿ ಎಂಬತ್ತು ಕಿಲೋಮೀಟರಿಗೆ ಮೇಲ್ಪಟ್ಟು ಎಂದು ಸಾಮಾನ್ಯವಾಗಿ ಹೇಳುವರು. ಇನ್ನೂ ಹೆಚ್ಚೆಂದು ಎಣಿಸುವವರೂ ಇರುವರು. ಹನಫಿಗಳಿಗೆ ಮೂರು ದಿನದ ನಡಿಗೆಯ ದಾರಿ; ನಮ್ಮ ದೇಶದ ಅನೇಕ ಪಂಡಿತರು ಇದನ್ನು 48 ಮೈಲಿ, ಎಂದರೆ ಸುಮಾರು 77 ಕಿಲೋಮೀಟರು ಎಂದೂ ಕೆಲವರು 92 ಎಂದೂ ನಿರ್ಣಯಿಸಿರುವರು. ವಾಹನವು ಎಷ್ಟೇ ವೇಗವಾಗಿ ಓಡಿದರೂ ಅಳತೆಯು ಕಾಲ್ನಡಿಗೆಯ ಕಾಲದ್ದೇ. ಮೊಟಕು ಮಾಡುವುದು ಶಾಫಿಗಳಿಗೆ ಅನುಮತಿ, ಹನಫಿಗಳಿಗೆ ಕಡ್ಡಾಯ. ಲುಹರನ್ನು ಅಸರಿನೊಡನೆ, ಮಗ್ರಿಬನ್ನು ಇಶಾದೊಡನೆ ಒಂದೇ ಹೊತ್ತಿಗೆ ಸೇರಿಸಿಕೊಳ್ಳಲು ಶಾಫಿ ಪ್ರಯಾಣಿಕನಿಗೆ ಸಮ್ಮತಿಯುಂಟು. ಹನಫಿಗಳು ಅದನ್ನು ಹಜ್ ಯಾತ್ರೆಯ ಅರಫಾತ್, ಮುಜ್ದಲಿಫಾಗಳಲ್ಲಿ ಮಾತ್ರ ಒಪ್ಪುವರು. ಊರಿನ ಎಲ್ಲೆಯನ್ನು ದಾಟಿದ ಮೇಲೆಯೇ ಈ ಸೌಲಭ್ಯವು ಆರಂಭವಾಗುವುದು. ಮನೆಯ ಜಗಲಿಯಲ್ಲಿ ಗಂಟು ಕಟ್ಟಿಟ್ಟವನು ಇನ್ನೂ ಪಥಿಕನಲ್ಲ.

ಈ ಮಾತುಗಳಲ್ಲಿರುವಾಗಲೇ ಉಡುಪಿ ಬಂದಿತು. ಶಿಷ್ಯನು ಅಂಗಡಿಗಳಿಗೆ ಸರಕು ಇಳಿಸುವಷ್ಟರಲ್ಲಿ ನಾನು ರಥಬೀದಿಗೆ ಹೋಗಿ ಶ್ರೀಕೃಷ್ಣದರ್ಶನ ಮಾಡಿಕೊಂಡು ಬಂದೆನು. ಅಷ್ಟಮಠಗಳ ಯತಿಗಳು ಸಂಚಾರ ಹೊರಟಾಗ ಸಂಸ್ಥಾನದ ದೇವರ ಪೆಟ್ಟಿಗೆಯೂ ಅವರೊಡನೆ ಹೊರಡುವುದಷ್ಟೆ. ಪೂಜೆಯು ಬಿಡಾರದಿಂದ ಬಿಡಾರಕ್ಕೆ ನಡೆಯುವುದು. ಇದೇ ಊರಿನಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಹುಟ್ಟಿದ ಬ್ಯಾಂಕು ಕಾರ್ಪೊರೇಶನ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಆ ಪುಣ್ಯಪುರುಷರ ಹೆಸರಿನ ಮುಂದಿನ 'ಹಾಜಿ' ಎಂಬುದು ಮೆಕ್ಕೆಯ ದೀರ್ಘಯಾತ್ರೆಯೊಂದರ ಗುರುತಲ್ಲವೆ ಎಂದು ಅಂದು ಮೊದಲ ಬಾರಿಗೆ ಯೋಚಿಸಿದೆನು.

ಮಣಿಪಾಲಕ್ಕೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಒಂದು ಕಾಲಕ್ಕೆ ಬೋಳು ಗುಡ್ಡವಾಗಿದ್ದ ಈ ಸ್ಥಳದಲ್ಲಿ 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇಂದು ದೇಶದ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳೂ ರೋಗಿಗಳೂ ಅಲ್ಲಿಗೆ ಬರುವರು. ರೋಗಿಗಳ ಕಡೆಯವರು ಇಳಿದುಕೊಳ್ಳುವ ಒಂದು ವಸತಿಗೃಹಕ್ಕೆ ನನ್ನ ಶಿಷ್ಯನು ಅಕ್ಕಿ, ತರಕಾರಿ ಕೊಡುವ ರೂಢಿ. ಅದರ ಹಿಂಬದಿಯ ಜಗಲಿಯಲ್ಲಿ ಎಪ್ಪತ್ತರ ಸಮೀಪದ ಶಿವಮೊಗ್ಗೆಯ ಸಾಹೇಬರೊಬ್ಬರು ಚಾಪೆ ಹಾಸಿಕೊಂಡು ಕುಳಿತಿದ್ದರು. ಮೊಮ್ಮಗನಿಗೆ ಮೂತ್ರಪಿಂಡದ ಕಾಯಿಲೆ. ಬಂದು ಹನ್ನೊಂದು ದಿನಗಳಾಗಿದ್ದುವು. ಬಾಲಕನ ತಂದೆ ದೂರದ ದೇಶದಲ್ಲಿ ದುಡಿಯುವವನು. ತಾಯಿ ಒಳಗೆ ಮಗುವಿನ ಬಳಿಯಲ್ಲಿ. ಹೊರಗೆ ಔಷಧ, ಚೀಟಿ, ಬಿಸಿನೀರುಗಳ ಓಡಾಟವೆಲ್ಲ ಈ ಮುದುಕರದು.

ಲುಹರಿನ ಹೊತ್ತಾಗಿತ್ತು. ಹಿರಿಯರೆಂದು ಅವರನ್ನೇ ಮುಂದೆ ನಿಲ್ಲಿಸಿ ನನ್ನ ಶಿಷ್ಯನೂ ಇನ್ನಿಬ್ಬರು ಸ್ಥಳೀಯರೂ ಹಿಂದೆ ನಿಂತರು. ನಾನು ತುಸು ದೂರದಲ್ಲಿ ಕುಳಿತು ನೋಡುತ್ತಿದ್ದೆನು. ಎರಡು ರಕಅತ್ ಆಗುತ್ತಲೇ ಸಾಹೇಬರು ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಂ ಹೇಳಿ ಮುಗಿಸಿದರು. "ನಾನು ಮುಸಾಫಿರ್, ನೀವು ಪೂರ್ತಿ ಮಾಡಿಕೊಳ್ಳಿ" ಎಂದು ಮೆಲ್ಲನೆ ನುಡಿದರು. ಹಿಂದಿನ ಮೂವರು ಎದ್ದು ನಿಂತು ತಂತಮ್ಮಷ್ಟಕ್ಕೆ ಉಳಿದೆರಡನ್ನು ಪೂರೈಸಿದರು. ಊರವನ ಹಿಂದೆ ಪಥಿಕನು ನಿಂತರೆ ಅವನೂ ನಾಲ್ಕನ್ನೇ ಮಾಡತಕ್ಕದ್ದು. ಪಥಿಕನ ಹಿಂದೆ ಊರವನು ನಿಂತರೆ ಹೀಗೆ ಎದ್ದು ಪೂರೈಸತಕ್ಕದ್ದು.

ನನಗೊಂದು ಸಂದೇಹ ಹುಟ್ಟಿತು. "ಸಾಹೇಬರೇ, ತಾವು ಬಂದು ಹನ್ನೊಂದು ದಿನಗಳಾದುವಲ್ಲ. ಇನ್ನೂ ಪ್ರಯಾಣಿಕರೆಂದು ಎಣಿಸಿಕೊಳ್ಳಬಹುದೆ?" ಎಂದು ಕೇಳಿದೆನು.

"ಮೇಷ್ಟ್ರೇ, ಹದಿನೈದು ದಿನ ಇಲ್ಲೇ ನಿಲ್ಲುತ್ತೇನೆ ಅಂತ ನಿಯ್ಯತ್ ಮಾಡಿದವನು ಊರವನಾಗುತ್ತಾನೆ. ನಾನು ಹಾಗೆ ನಿಯ್ಯತ್ ಮಾಡಿಲ್ಲ. ಡಾಕ್ಟರು ದಿನಾ ಬೆಳಗ್ಗೆ 'ನಾಳೆ ನೋಡೋಣ' ಅನ್ನುತ್ತಾರೆ. ನಾಳೆ ಹೋಗುವವನು ನಾನು" ಎಂದರು.

ಶಿಷ್ಯನು ಮಾತು ಸೇರಿಸಿದನು. ಶಾಫಿಗಳಲ್ಲಿ, ಬಂದ ದಿನ ಹೋಗುವ ದಿನಗಳನ್ನು ಬಿಟ್ಟು ನಾಲ್ಕು ದಿನ ನಿಲ್ಲುವೆನೆಂದು ನಿಶ್ಚಯಿಸಿದರೆ ಸಾಕು, ಪ್ರಯಾಣವು ಮುಗಿದಂತೆ. ಆದರೆ ಕೆಲಸವು ಯಾವಾಗ ಮುಗಿಯುವುದೆಂದು ತಿಳಿಯದೆ ಇಂದು ನಾಳೆಯೆಂದು ಕಾಯುವವನಿಗೆ ಹದಿನೆಂಟು ದಿನಗಳವರೆಗೆ ಅವಕಾಶವುಂಟು. ಹನಫಿಗಳಲ್ಲಿಯಾದರೋ, ಹಾಗೆ ಕಾಯುವವನಿಗೆ ದಿನಗಳ ಮಿತಿಯೇ ಇಲ್ಲ. ತಿಂಗಳುಗಳೇ ಕಳೆದರೂ ಅವನು ಪಥಿಕನೇ. ದೂರವನ್ನು ಮೈಲಿಗಳಿಂದ ಅಳೆದ ಶಾಸ್ತ್ರವು ನಿಲ್ಲುವಿಕೆಯನ್ನು ಮನಸ್ಸಿನಿಂದ ಅಳೆದಿರುವುದನ್ನು ಕಂಡು ನಾನು ವಿಸ್ಮಿತನಾದೆನು.

ಲೆಕ್ಕಪತ್ರದ ಕೆಲಸವಿದ್ದುದರಿಂದ ಶಿಷ್ಯನಿಗೆ ಅಲ್ಲಿಯೇ ತಡವಾಯಿತು. ಮೂರು ಗಂಟೆಯ ಸುಮಾರಿಗೆ ಸಾಹೇಬರಿಗೆ ಒಳಗಿನಿಂದ ಕರೆ ಬಂದಿತು. ಅರ್ಧ ಗಂಟೆಯ ಬಳಿಕ ಅವರು ಹೊರಬಂದು, ನಮ್ಮತ್ತ ನೋಡದೆ, ಕೊಳಾಯಿಯ ಬಳಿಗೆ ಹೋಗಿ ಬಹಳ ಹೊತ್ತು ಕೈಕಾಲು ಮುಖ ತೊಳೆದುಕೊಂಡರು. ಅಸರಿನ ಹೊತ್ತಾದಾಗ ಮೊದಲಿನಂತೆಯೇ ಮುಂದೆ ನಿಂತರು. ಎರಡು ರಕಅತ್ ಆಯಿತು. ಅವರು ಸಲಾಂ ಹೇಳಲಿಲ್ಲ. ಎದ್ದು ಮೂರನೆಯದಕ್ಕೆ ನಿಂತರು, ನಾಲ್ಕನೆಯದನ್ನೂ ಮಾಡಿದರು. ಹಿಂದಿನವರು ಅವರೊಡನೆಯೇ ಮುಗಿಸಿದರು. ಈ ಸಲ ಎದ್ದು ಪೂರೈಸಬೇಕಾದುದು ಯಾರಿಗೂ ಉಳಿದಿರಲಿಲ್ಲ.

ಶಿಷ್ಯನು ಅವರ ಕೈ ಹಿಡಿದುಕೊಂಡನು. "ಇಪ್ಪತ್ತು ದಿನವಾದರೂ ಬೇಕಂತೆ, ಬೇಟಾ" ಎಂದಷ್ಟೇ ಅವರು ಹೇಳಿದರು. ಆ ಮನೆಯವರಿಗೆ ವೈದ್ಯರು ಏನು ಹೇಳಿದರೆಂಬುದನ್ನು ನಾನು ಕೇಳುವ ಮೊದಲೇ ನಾಲ್ಕು ರಕಅತ್‌ಗಳು ಹೇಳಿಬಿಟ್ಟಿದ್ದುವು.

ಹಿರಿಯಡಕದ ದಾರಿಯಾಗಿ ಗಾಡಿಯು ಕಾರ್ಕಳದತ್ತ ಸಾಗುವಾಗ ನಾನು ಹೆಚ್ಚು ಮಾತನಾಡಲಿಲ್ಲ. ಹಳೆಯದೊಂದು ನೋವು ಎದ್ದಿತ್ತು. ಕೆಲವು ವರ್ಷಗಳ ಹಿಂದೆ ನನ್ನ ಗೃಹಿಣಿಯನ್ನು ಪರಸ್ಥಳದ ಆಸ್ಪತ್ರೆಯೊಂದರಲ್ಲಿ ಸೇರಿಸಿ, ನಾನೂ ಹೀಗೆಯೇ ಹೊರಗಿನ ಬೆಂಚಿನ ಮೇಲೆ ಕಾಲ ಕಳೆದಿದ್ದೆನು. ಮಡಿಯಿಲ್ಲ, ಸ್ನಾನಕ್ಕೆ ಹೊತ್ತಿಲ್ಲ, ಕುಳಿತುಕೊಳ್ಳಲು ಶುದ್ಧ ಸ್ಥಳವಿಲ್ಲ. ಉಪನಯನವಾದಂದಿನಿಂದ ಬಿಡದೆ ನಡೆಸಿದ್ದ ಸಂಧ್ಯಾವಂದನೆಯು ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು, ಆ ಮೇಲೆ ನಿಂತೇಹೋಯಿತು. ಇಪ್ಪತ್ತಮೂರನೆಯ ದಿನ ಒಬ್ಬನೇ ಮನೆಗೆ ಮರಳಿದೆನು. ಅಪರಕರ್ಮಗಳೆಲ್ಲ ಮುಗಿದ ಮೇಲೆಯೂ ಆಚಮನದ ಪಾತ್ರೆಯ ಮುಂದೆ ಕುಳಿತುಕೊಳ್ಳಲು ನಾಚಿಕೆಯಾಗುತ್ತಿತ್ತು. ಬೇಕಾದಾಗ ಬಿಟ್ಟವನು ಈಗ ಯಾವ ಮುಖದಿಂದ ಹಿಡಿಯಲಿ ಎಂದು ತಿಂಗಳುಗಟ್ಟಲೆ ದೂರವೇ ಉಳಿದೆನು.

ಸ್ವಗ್ರಾಮದಲ್ಲಿ ಆಚಾರವು ಪೂರ್ಣ, ದಾರಿಯಲ್ಲಿ ಅರ್ಧ, ರೋಗಪೀಡಿತನಿಗೆ ನಿಯಮದ ನಿರ್ಬಂಧವಿಲ್ಲ ಎಂಬ ಅಭಿಪ್ರಾಯವು ನಮ್ಮ ಆಚಾರಗ್ರಂಥಗಳಲ್ಲಿಯೂ ಉಂಟು. ಗಾಯತ್ರೀಜಪವು ಸಾವಿರವಾದರೆ ಉತ್ತಮ, ನೂರಾದರೆ ಮಧ್ಯಮ, ಹತ್ತಾದರೂ ಸಲ್ಲುವುದು ಎಂಬುದನ್ನು ಎಷ್ಟೋ ಮಂದಿ ವಟುಗಳಿಗೆ ನಾನೇ ಹೇಳಿಕೊಟ್ಟಿದ್ದೆನು. ಹೇಳಿಕೊಟ್ಟವನಿಗೆ ಅದು ತನಗಾಗಿಯೂ ಹೇಳಿದುದೆಂದು ತೋಚಲಿಲ್ಲ. ಆ ಬೆಂಚಿನ ಮೇಲೆ ನನ್ನನ್ನು ನಾನು ಪಥಿಕನೆಂದು ಎಣಿಸಿಕೊಳ್ಳಲಿಲ್ಲ. ಪೂರ್ಣವಾಗಿ ಮಾಡಲಾಗದುದರಿಂದ ಪೂರ್ಣವಾಗಿ ಬಿಟ್ಟೆನು. ಸಾಹೇಬರಾದರೋ ಎರಡನ್ನು ಹಿಡಿದುಕೊಂಡಿದ್ದುದರಿಂದ, ಕೆಟ್ಟ ಸುದ್ದಿ ಕೇಳಿದ ದಿನ ನಾಲ್ಕಕ್ಕೆ ಏರಲು ಅವರಿಗೆ ಮೆಟ್ಟಲಿತ್ತು. ವಿನಾಯಿತಿಯೆಂದರೆ ನಿಯಮವು ಸಡಿಲವಾಗುವುದೆಂದು ನಾನು ತಿಳಿದಿದ್ದೆನು. ಮನುಷ್ಯನು ದಾರಿ ಹಿಡಿದಾಗ ನಿಯಮವೂ ತನ್ನ ಹೊರೆಯನ್ನು ಇಳಿಸಿಕೊಂಡು ಅವನ ಜೊತೆಗೆ ಹೊರಡುವುದೆಂದು ಅಂದು ತಿಳಿದೆನು. ಪ್ರಯಾಣಿಕನಿಗೆ ರಂಜಾನಿನ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಿಕೊಳ್ಳಲು ಅವಕಾಶವಿರುವುದೂ, ನೀರು ದೊರೆಯದಲ್ಲಿ ಶುದ್ಧವಾದ ಮಣ್ಣಿನಿಂದಲೇ ಅಂಗಶುದ್ಧಿ ಮಾಡಿಕೊಳ್ಳಬಹುದೆಂಬುದೂ ಇದೇ ಅರ್ಥದವು. ಯಾವುದನ್ನೂ ಬಿಟ್ಟುಬಿಡೆಂದು ಹೇಳಿಲ್ಲ; ಹೀಗಾದರೂ ಮಾಡೆಂದು ಹೇಳಿದೆ.

ಕಾರ್ಕಳಕ್ಕೆ ಮುಟ್ಟುವಾಗ ಹೊತ್ತು ಇಳಿದಿತ್ತು. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ನಲವತ್ತೆರಡಡಿಯ ಗೊಮ್ಮಟನು ಬೆಟ್ಟದ ಮೇಲೆ ಸಂಜೆಗೆಂಪಿನಲ್ಲಿ ನಿಂತಿದ್ದನು. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ಜೈನ ಶ್ರಾವಕರಲ್ಲಿ, ಯಾವ ದಿಕ್ಕಿಗೆ ಎಷ್ಟು ದೂರದವರೆಗೆ ಹೋಗುವೆನೆಂದು ಮೊದಲೇ ಎಲ್ಲೆ ಕಟ್ಟಿಕೊಳ್ಳುವ ದಿಗ್ವ್ರತವೆಂಬುದುಂಟು. ಮುನಿಗಳು ಕಾಲ್ನಡಿಗೆಯಲ್ಲಿಯೇ ಸಂಚರಿಸಿ, ಮಳೆಗಾಲದ ಚಾತುರ್ಮಾಸ್ಯದಲ್ಲಿ ಒಂದೇ ಕಡೆ ನಿಲ್ಲುವರು. ನಡೆಯುವುದಕ್ಕೂ ನಿಲ್ಲುವುದಕ್ಕೂ ಧರ್ಮವುಂಟೆಂಬುದನ್ನು ಈ ಊರು ಬಲ್ಲದು.

ಆನೆಕೆರೆಯ ದಂಡೆಯಲ್ಲಿ ಗಾಡಿ ನಿಂತಿತು. ಮಗ್ರಿಬಿನ ಬಾಂಗು ಕೇಳಿ ಶಿಷ್ಯನು ಮಸೀದಿಯತ್ತ ಹೊರಟನು. ಆ ಹೊತ್ತಿನ ಮೂರು ರಕಅತ್‌ಗಳು ಊರವನಿಗೂ ಪಥಿಕನಿಗೂ ಮೂರೇ. ನಾನು ಕೆರೆಯ ನೀರಿನಲ್ಲಿ ಕೈಕಾಲು ತೊಳೆದು, ಆಚಮಿಸಿ, ಅರ್ಘ್ಯವಿತ್ತು, ಹತ್ತು ಗಾಯತ್ರಿಯನ್ನು ಜಪಿಸಿದೆನು. ನೂರೆಂಟಾಗಲಿಲ್ಲವೆಂಬ ಕೊರತೆ ಅಂದು ನನ್ನನ್ನು ಬಾಧಿಸಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ಒಂದು ವಿಜ್ಞಾಪನೆ. ಪ್ರಯಾಣದ ಮಧ್ಯದಲ್ಲಿರುವ ಮುಸಲ್ಮಾನ ಅತಿಥಿಯು ನಿಮ್ಮ ಮನೆಗೆ ಬಂದರೆ, ಕಾಫಿಗೆ ಮೊದಲು ಒಂದು ತಂಬಿಗೆ ನೀರನ್ನು ತೋರಿಸಿರಿ. ಶುಭ್ರವಾದ ಚಾಪೆಯನ್ನು ಹಾಸಿ, ಪಡುವಣ ದಿಕ್ಕು ಯಾವುದೆಂದು ತಿಳಿಸಿರಿ. ನಮ್ಮ ಕಡೆಯಿಂದ ಮೆಕ್ಕೆಯು ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ಓರೆಯಾಗಿ ಇರುವುದು. ಅವನು ಬೇಗನೆ ಮುಗಿಸಿ ಎದ್ದರೆ ಶ್ರದ್ಧೆ ಸಾಲದೆಂದು ಭಾವಿಸಬೇಡಿರಿ. ಅವನ ಮನೆ ದೂರವಿದೆಯೆಂದು ತಿಳಿಯಿರಿ.

ತಿಂಗಳು ಕಳೆದ ಬಳಿಕ ಶಿಷ್ಯನು ಮನೆಗೆ ಬಂದಿದ್ದನು. ಬಾಲಕನು ಚೇತರಿಸಿಕೊಂಡನೆಂದೂ, ಅಜ್ಜನೂ ಮೊಮ್ಮಗನೂ ಆಗುಂಬೆ ಘಟ್ಟವನ್ನು ಹತ್ತಿ ಊರು ಸೇರಿದರೆಂದೂ ತಿಳಿಸಿದನು. ಸಾಹೇಬರು ಅವನಿಗೆ ದಾರಿಯಿಂದಲೇ ದೂರವಾಣಿ ಮಾಡಿದ್ದರಂತೆ: "ತೀರ್ಥಹಳ್ಳಿಯಲ್ಲಿದ್ದೇವೆ. ಮೇಷ್ಟ್ರಿಗೆ ಹೇಳು, ಇವತ್ತು ಮತ್ತೆ ಎರಡೇ. ರಾತ್ರಿಯದನ್ನು ಮನೆಯಲ್ಲಿ ನಾಲ್ಕು ಮಾಡುತ್ತೇನೆ."